ಒಂದ್ನಿಮಿಷ ಮಹಾಶಯ

ಒಂದ್ನಿಮಿಷ ಮಹಾಶಯನೆಂದರೆ, ದಿನಬಳಕೆಯ ಬದುಕಿನೊಳಗೆ ಕಲೆ ಅವಿತುಕೊಂಡಿದೆ, ಅದನ್ನು ಮೊಬೈಲ್ ಫೋನಿನಲ್ಲಿ ಹಿಡಿದು ನಾಲ್ಕು ಜನಕ್ಕೆ ತೋರಿಸುವ ಹೊಣೆ ತನ್ನ ಮೇಲಿದೆ ಎಂದು ನಂಬಿ, ದಾರಿಯಲ್ಲಿ ‘ಒಂದ್ನಿಮಿಷ’ ಎಂದು ನಿಂತುಬಿಡುವ ನಗರವಾಸಿ. ಬೆಂಗಳೂರು, ಮೈಸೂರುಗಳಲ್ಲಿ ಈತನ ಸಂಖ್ಯೆ ಹೆಚ್ಚು. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗಗಳಲ್ಲೂ ಕೊರತೆಯಿಲ್ಲ. ವಯಸ್ಸು ಸಾಮಾನ್ಯವಾಗಿ ಮೂವತ್ತೈದು ದಾಟಿರುತ್ತದೆ. ಉದ್ಯೋಗ ಬ್ಯಾಂಕು, ಕಾಲೇಜು, ಸಾಫ್ಟ್‌ವೇರ್, ಇಲ್ಲವೇ ಇವುಗಳಿಂದ ನಿವೃತ್ತಿ. ಹೆಂಗಸರಲ್ಲೂ ಈ ಬಗೆಯವರಿದ್ದಾರೆ. ಒಲೆಯ ಮೇಲೆ ಹಾಲಿಟ್ಟು ಬಂದಿರುವುದರಿಂದ ಅವರ ಒಂದು ನಿಮಿಷ ನಿಜಕ್ಕೂ ಒಂದೇ ನಿಮಿಷದಲ್ಲಿ ಮುಗಿಯುತ್ತದೆ.

ಗುರುತು ಹಿಡಿಯುವುದು ಸುಲಭ. ಜೊತೆಯಲ್ಲಿ ನಡೆಯುತ್ತಿದ್ದವರು ಸಕ್ಕರೆ ಕಾಯಿಲೆಯ ಬಗ್ಗೆಯೋ ಸೈಟಿನ ಬೆಲೆಯ ಬಗ್ಗೆಯೋ ಮಾತಾಡುತ್ತ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಾರೆ. ಹೂಂಗುಟ್ಟುವ ಸದ್ದು ಬಾರದ್ದಕ್ಕೆ ತಿರುಗಿ ನೋಡಿದರೆ ಈತ ಹಿಂದೆಲ್ಲೋ ಮೋರಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ತುಕ್ಕು ಹಿಡಿದ ಗೇಟಿನ ಚಿಲಕಕ್ಕೆ ಫೋನು ಹಿಡಿದಿರುತ್ತಾನೆ. ಫೋನಿನ ಪರದೆ ನೋಡುವುದಕ್ಕೆ ಒಂದು ಕಣ್ಣು ಮುಚ್ಚಬೇಕಾದ ಅಗತ್ಯ ಏನೂ ಇಲ್ಲ. ಆದರೂ ಮುಚ್ಚುತ್ತಾನೆ.

ಸೆಲ್ಫಿಯವನೊಂದಿಗೆ ಈತನನ್ನು ಕಲಸಬಾರದು. ಸೆಲ್ಫಿಯವನಿಗೆ ತಾನಿಲ್ಲದ ಚಿತ್ರ ದಂಡ. ಈತನಿಗೆ ಗುರುತಿನವರು ಯಾರಿದ್ದರೂ ಚಿತ್ರ ಕೆಟ್ಟಿತು. ಮನೆಯವರೆಲ್ಲ ಹಂಪಿಗೆ ಹೋಗಿ ಕಲ್ಲಿನ ರಥದ ಮುಂದೆ ಸಾಲಾಗಿ ನಿಂತು ಕಾಯುತ್ತಿರುವಾಗ, ರಥ 50 ರೂಪಾಯಿಯ ನೋಟಿನಲ್ಲೇ ಇದೆಯಲ್ಲ, ಅದನ್ನೇನು ತೆಗೆಯುವುದು ಎಂದು ಈತ ಪಕ್ಕದ ಮಂಟಪದ ಕಂಬದ ನೆರಳಿಗೆ ಹೊಂಚು ಹಾಕುತ್ತಾನೆ. ಪ್ರವಾಸ ಮುಗಿಸಿ ಬಂದಮೇಲೆ ಅತ್ತೆಯವರು ಫೋನು ಇಸಿದುಕೊಂಡು ಬೆರಳಿಂದ ಸರಿಸುತ್ತ ಹೋಗುತ್ತಾರೆ: ಕಂಬ, ಕಂಬ, ನೆರಳು, ಬೀಗ, ಮೇಕೆಯ ಕಿವಿ, ಕಂಬ. ಅವರು ಮಾತಾಡದೆ ಫೋನು ವಾಪಸು ಕೊಡುತ್ತಾರೆ.

ಈತನ ಪೂರ್ವಜರನ್ನು ಹುಡುಕಬೇಕಾದದ್ದು ಹಳೆಯ ಆಲ್ಬಮ್ಮುಗಳಲ್ಲಿ. ರೀಲಿನ ಕ್ಯಾಮೆರಾದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಗೃಹಪ್ರವೇಶಕ್ಕೆ ಮೂವತ್ತೋ ಮೂವತ್ತೆರಡೋ ಆಗುವಷ್ಟರಲ್ಲಿ ನೆಂಟರು ಮುಗಿದಿರುತ್ತಿದ್ದರು. ಉಳಿದ ರೀಲನ್ನು ಸುಮ್ಮನೆ ಬಿಟ್ಟರೆ ದುಡ್ಡು ದಂಡ, ತೊಳೆಸದಿದ್ದರೆ ಚಿತ್ರ ಸಿಗದು. ಹಾಗಾಗಿ ಚಿಕ್ಕಪ್ಪನೊಬ್ಬ ರೀಲು ಮುಗಿಸಲೆಂದು ತುಳಸಿಕಟ್ಟೆಗೊಂದು, ಸ್ಕೂಟರಿಗೊಂದು, ಗೇಟಿನ ಹತ್ತಿರ ನಿಂತ ಹಸುವಿಗೊಂದು ಕ್ಲಿಕ್ಕಿಸುತ್ತಿದ್ದ. ಇವತ್ತು ಆ ಆಲ್ಬಮ್ ತೆರೆದರೆ ನೆಂಟರ ಸಾಲಿಗಿಂತ ಆ ಸ್ಕೂಟರೇ ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾ ಇರುವ ಫೋನು ಜಪಾನಿನಲ್ಲಿ 2000ದ ಹೊತ್ತಿಗೇ ಅಂಗಡಿಗೆ ಬಂದಿತ್ತು. ನಮ್ಮಲ್ಲಿ ಅದು ಎಲ್ಲರ ಜೇಬಿಗೆ ಇಳಿದಮೇಲೆ ರೀಲು ಮುಗಿಯುವ ಮಾತೇ ಹೋಯಿತು. ಚಿಕ್ಕಪ್ಪ ಕೊನೆಗೆ ಮಾಡುತ್ತಿದ್ದುದನ್ನು ಮಹಾಶಯ ಮೊದಲಿನಿಂದಲೇ ಮಾಡತೊಡಗಿದ.

ಈತ ತನ್ನ ವಂಶವೃಕ್ಷವನ್ನು ಚಿಕ್ಕಪ್ಪನಿಂದ ಶುರುಮಾಡುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್‌ನಿಂದ ಶುರುಮಾಡುತ್ತಾನೆ. ವೆಸ್ಟನ್ 1930ರಲ್ಲಿ ಒಂದು ದಪ್ಪಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ನಿಮಿಷಗಟ್ಟಲೆ ಬೆಳಕು ಬಿಟ್ಟು ತೆಗೆದ ಚಿತ್ರ ಛಾಯಾಗ್ರಹಣದ ಚರಿತ್ರೆಯಲ್ಲಿ ಶಾಶ್ವತವಾಗಿ ನಿಂತಿದೆ. ಈ ಸಂಗತಿ ಕೇಳಿಸಿಕೊಂಡ ದಿನದಿಂದ ಮಹಾಶಯನ ಮನೆಯಲ್ಲಿ ದಪ್ಪಮೆಣಸಿನಕಾಯಿ ಹೆಚ್ಚಬೇಕಾದರೆ ಅಪ್ಪಣೆ ಬೇಕು; ನಾಲ್ಕು ಗಂಟೆಯ ಬಿಸಿಲು ಕಿಟಕಿಗೆ ಬರುವ ತನಕ ಪಲ್ಯ ಮುಂದಕ್ಕೆ ಹೋಗುತ್ತದೆ. ವೆಸ್ಟನ್ ಚಿತ್ರ ತೆಗೆದಮೇಲೆ ತನ್ನ ಮೆಣಸಿನಕಾಯಿಗಳನ್ನು ತಿನ್ನುತ್ತಿದ್ದ ಎಂಬ ಭಾಗವನ್ನು ಹೆಂಡತಿಯೇ ಓದಿ ಹೇಳಬೇಕಾಗುತ್ತದೆ. ವಂಶದ ಮುಂದಿನ ಛಾಯಾಗ್ರಾಹಕ ವಿಲಿಯಂ ಎಗ್ಲ್‌ಸ್ಟನ್ ಮಗುವಿನ ಮೂರುಗಾಲಿ ಸೈಕಲ್ಲಿನಂಥ ಬಣ್ಣದ ಚಿತ್ರಗಳನ್ನು 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ತೂಗುಹಾಕಿದಾಗ ವಿಮರ್ಶಕರು ಉಗಿದರು, ಆಮೇಲೆ ಹೊಗಳಿದರು. ಮಹಾಶಯ ಈಗ ಮೊದಲ ಘಟ್ಟದಲ್ಲಿದ್ದಾನೆ ಎಂಬುದು ಅವನ ಲೆಕ್ಕ.

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಹೆಸರನ್ನೂ ಭಕ್ತಿಯಿಂದಲೇ ಹೇಳುತ್ತಾನೆ. ಆದರೆ ಇಲ್ಲೊಂದು ವ್ಯತ್ಯಾಸ ಇದೆ. ಸತ್ಯನ್ ಜೀವಮಾನವಿಡೀ ಜನಸಾಮಾನ್ಯರ ದಿನಚರಿಯ ಬೆನ್ನು ಹತ್ತಿದವರು. ಅವರ ಚಿತ್ರಗಳಲ್ಲಿ ಮುಖಗಳಿವೆ. ಮಹಾಶಯನ ಚಿತ್ರಗಳಲ್ಲಿ ಇರುವುದು ಬೆನ್ನುಗಳು: ಛತ್ರಿ ಹಿಡಿದ ಬೆನ್ನು, ಬುಟ್ಟಿ ಹೊತ್ತ ಬೆನ್ನು, ದೇವಸ್ಥಾನದ ಮೆಟ್ಟಿಲು ಹತ್ತುವ ಬೆನ್ನು. ಮುಖ ಬೇಕಾದರೆ ಮಾತಾಡಿಸಬೇಕು, ಮಾತಾಡಿಸುವುದಕ್ಕೆ ಸಂಕೋಚ. ಈ ಸಂಕೋಚಕ್ಕೆ ಅವನು ಇಟ್ಟಿರುವ ಹೆಸರು ಶೈಲಿ.

ಈತನ ಉಪಕರಣದ ಬಗ್ಗೆ ಒಂದೆರಡು ಮಾತು. ಸಾಮಾನ್ಯ ಫೋನಿನ ಸೆನ್ಸರ್ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಚಿಕ್ಕದಕ್ಕೆ ಹತ್ತಿರದ್ದು ದೂರದ್ದು ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಹಿನ್ನೆಲೆ ತಾನಾಗಿ ಮಸುಕಾದರೆ ಫೋನು ಅದನ್ನು ಲೆಕ್ಕ ಹಾಕಿ ಮಸುಕು ಮಾಡಬೇಕು. ಲೆಕ್ಕ ತಪ್ಪಿದಾಗ ಮಾವನ ಕನ್ನಡಕದ ಕಡ್ಡಿ, ನಾದಿನಿ ಮುಡಿದ ಮಲ್ಲಿಗೆಯ ಅರ್ಧ ದಂಡೆ ಹಿನ್ನೆಲೆಯ ಜೊತೆ ಕರಗಿಹೋಗುತ್ತವೆ. ಒಂದು ಸಲ ಒತ್ತಿದರೆ ಈಗಿನ ಫೋನುಗಳು ಹಲವು ಚಿತ್ರ ತೆಗೆದು, ಒಂದರ ನೆರಳು ಇನ್ನೊಂದರ ಬೆಳಕು ಹೆಕ್ಕಿ ಹೊಲಿಯುತ್ತವೆ. 48 ಮೆಗಾಪಿಕ್ಸೆಲ್ ಎಂದು ಹೆಮ್ಮೆಯಿಂದ ಕೊಂಡದ್ದು ನಾಲ್ಕು ಪಿಕ್ಸೆಲ್‌ಗಳನ್ನು ಒಂದು ಮಾಡಿ ಸಾಮಾನ್ಯವಾಗಿ 12ರ ಚಿತ್ರವನ್ನೇ ಕೊಡುತ್ತದೆ, ವಾಟ್ಸಾಪಿಗೆ ಹೋಗುವಾಗ ಅದೂ ಕುಗ್ಗುತ್ತದೆ. ಹೀಗೆ ಬಹುಪಾಲು ಕೆಲಸ ಫೋನಿನದೇ. ಮನುಷ್ಯನಿಗೆ ಉಳಿದಿರುವ ಕೆಲಸ ಲೆನ್ಸು ಒರೆಸುವುದೊಂದು; ಅದನ್ನು ಮಹಾಶಯ ಮರೆಯುತ್ತಾನೆ. ಜೇಬಿನ ದೂಳು, ಬೆರಳಿನ ಕೊಬ್ಬರಿ ಎಣ್ಣೆ ಸೇರಿ ಬೀದಿದೀಪಕ್ಕೆಲ್ಲ ಮಂಜು ಕವಿದಾಗ, ನೋಡಿ ಎಂಥ ವಾತಾವರಣ ಬಂದಿದೆ ಎನ್ನುತ್ತಾನೆ.

ಬೇಟೆಯ ಜಾಗಗಳು ಬಹುಮಟ್ಟಿಗೆ ನಿಗದಿಯಾಗಿವೆ. ಬೆಂಗಳೂರಿನ ಕೆ. ಆರ್. ಮಾರುಕಟ್ಟೆಯ ಮೇಲಂತಸ್ತಿನಿಂದ ಬಗ್ಗಿದರೆ ಕಾಣುವ ಚೆಂಡುಹೂವು, ಸೇವಂತಿಗೆಯ ರಾಶಿಗಳು. ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರಗಳು. ಫೆಬ್ರವರಿ, ಮಾರ್ಚಿನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಹೂ ಬಿಟ್ಟ ಯಾವುದೇ ರಸ್ತೆ. ಕೆ. ಆರ್. ಮಾರುಕಟ್ಟೆಯ ಆ ಮೇಲಂತಸ್ತಿನ ಕಟ್ಟೆಯ ಬಳಿ ಬೆಳಗಿನ ಜಾವ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಮಹಾಶಯರು ನಿಂತು, ಯಾರೂ ನೋಡದ ನೋಟವನ್ನು ಒಟ್ಟಾಗಿ ಹಿಡಿಯುತ್ತಾರೆ.

ಮಳೆಗಾಲದ ಬೇಟೆ ಬೇರೆ. ರಸ್ತೆಗುಂಡಿಯ ನೀರಿನಲ್ಲಿ ಕಟ್ಟಡದ ಪ್ರತಿಬಿಂಬ ಹಿಡಿಯಬೇಕಾದರೆ ಫೋನನ್ನು ತಲೆಕೆಳಗು ಮಾಡಿ, ಲೆನ್ಸು ನೀರಿಗೆ ತಾಗುತ್ತದೆಯೇನೋ ಎನ್ನುವಷ್ಟು ಕೆಳಗೆ ಇಳಿಸಬೇಕು. ಆಗ ಅಂಗೈಯಗಲದ ನೀರೂ ಕೆರೆಯಾಗುತ್ತದೆ. ಮಹಾಶಯ ಪ್ಯಾಂಟು ಮಡಿಸಿ ಗುಂಡಿಯ ಪಕ್ಕ ಬಗ್ಗಿದ ಕೂಡಲೇ ಆಟೋ ಒಂದು ನಿಲ್ಲುತ್ತದೆ.

“ಏನ್ ಬಿತ್ತು ಸಾರ್?”

“ಏನೂ ಬಿದ್ದಿಲ್ಲ.”

“ಕೀನಾ?”

“ಅಲ್ಲ ಅಲ್ಲ, ನೀವು ಹೋಗಿ.”

ಆಟೋದವನು ಹೋಗುವುದಿಲ್ಲ. ಇಳಿದು ತಾನೂ ಬಗ್ಗುತ್ತಾನೆ. ಸ್ಕೂಟರಿನವನೊಬ್ಬ ನಿಲ್ಲಿಸಿ, ಉಂಗುರವೇ ಇರಬೇಕು, ಅದಕ್ಕೇ ಹೇಳ್ತಿಲ್ಲ ಎನ್ನುತ್ತಾನೆ. ಇನ್ನೊಬ್ಬರು ನೀರಿಗೆ ಕಡ್ಡಿ ಹಾಕಿ ಕದಡಿಯೇಬಿಡುತ್ತಾರೆ. ಕಟ್ಟಡ, ಮೋಡ, ತೆಂಗಿನಮರ ಎಲ್ಲ ಒಟ್ಟಿಗೆ ಕೆಸರಾಗುತ್ತವೆ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಕಾಂಪೌಂಡಿನಿಂದಲೇ ಕೂಗಿ, ಗುಂಡಿ ಪೂರ್ತಿ ಬರೋ ಹಾಗೆ ತೆಗೀರಿ, ಕಂಪ್ಲೇಂಟಿಗೆ ನನ್ನ ಸಹೀನೂ ಹಾಕ್ಕೊಳ್ಳಿ ಎನ್ನುತ್ತಾರೆ. ಅವರಿಗೆ ತಿಳಿಯದ ವಿಷಯವೆಂದರೆ, ಆ ಗುಂಡಿ ಮುಚ್ಚಿದ ದಿನ ಇಡೀ ಬಡಾವಣೆಯಲ್ಲಿ ಸಂಕಟಪಡುವವನು ಇವನೊಬ್ಬನೇ.

ತರಕಾರಿ ಅಂಗಡಿಯ ಮುಂದೆ ಸಂಕಟ ಇನ್ನೊಂದು ಬಗೆಯದು. ಟೊಮೇಟೊ ಗೋಪುರ, ಅದರ ಪಕ್ಕ ನೇರಳೆ ಬದನೆ, ನಡುವೆ ನಿಂಬೆಹಣ್ಣಿನ ಗೆರೆ. ಫೋನು ಎತ್ತಿದೊಡನೆ, “ತಗೊಳ್ತೀರಾ ಅಣ್ಣ, ಬರೀ ಫೋಟೋನಾ?” ಎಂಬ ಪ್ರಶ್ನೆ ಬರುತ್ತದೆ. ನಾಚಿಕೆಗೆ ಅರ್ಧ ಕಿಲೋ ಬದನೆಕಾಯಿ ಕೊಳ್ಳುತ್ತಾನೆ. ಮನೆಯಲ್ಲಿ ಬದನೆಕಾಯಿ ಹೆಚ್ಚಾದ ದಿನ ಬೆಳಕು ಚೆನ್ನಾಗಿತ್ತು ಎಂದು ಅರ್ಥ. ಈ ಗೋಪುರವನ್ನು ತಾನು ಕಂಡುಹಿಡಿದೆ ಎಂದು ಮಹಾಶಯ ಹೇಳಿಕೊಳ್ಳುವುದು ಮಾತ್ರ ಒಪ್ಪತಕ್ಕದ್ದಲ್ಲ. ಅಂಗಡಿಯ ಹೆಂಗಸು ನಸುಕಿನಲ್ಲೇ ಬಂದು, ಕಲೆಯಿರುವ ಮಗ್ಗುಲನ್ನು ಒಳಗೆ ತಿರುಗಿಸಿ, ಕೆಂಪಿನ ಪಕ್ಕ ಹಸಿರು ಬರುವ ಹಾಗೆ ಒಟ್ಟಿ, ಮೇಲೆ ನೀರು ಚಿಮುಕಿಸಿ, ಕೆಡದಂತೆ ಕೆಳಗೊಂದು ಇಟ್ಟಿಗೆ ಆನಿಸಿ ಕೂತಿರುತ್ತಾಳೆ. ಅಲ್ಲಿ ಕಲೆ ಸಿಕ್ಕಿತು ಎನ್ನುವುದು, ಅಡುಗೆಮನೆಗೆ ಹೋಗಿದ್ದೆ, ಸಾರು ಸಿಕ್ಕಿತು ಎಂದ ಹಾಗೆ.

ಮನೆಯೊಳಗಿನ ನಡವಳಿಕೆ ಹೆಚ್ಚು ವಿವರಿಸಬೇಕಾಗಿಲ್ಲ. ದೋಸೆ ಗರಿಗರಿಯಾಗಿರುವುದು ಕಾವಲಿಯಿಂದ ಇಳಿದ ಕೆಲವೇ ನಿಮಿಷ. ಅಷ್ಟೂ ಹೊತ್ತು ಈತ ಚಟ್ನಿಯ ಬಟ್ಟಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತಿರುತ್ತಾನೆ. “ರೀ, ತಿನ್ನೋಕೆ ಕೊಟ್ಟಿದ್ದು ಅದು” ಎಂಬ ಮಾತು ಬಿದ್ದಮೇಲೆ ಎರಡನೆಯ ದೋಸೆ ಬರುವುದಿಲ್ಲ. ಕಾಫಿಯ ನೊರೆಯ ಕಥೆಯೂ ಇಷ್ಟೇ. ವೈದ್ಯರು ಹೇಳಿದ ವಾಕಿಂಗ್‌ನಿಂದಲೂ ಲಾಭವಾಗಿಲ್ಲ, ಏಕೆಂದರೆ ಅದರಲ್ಲಿ ನಡೆಯುವ ಭಾಗ ಕಡಿಮೆ. ಆದರೂ ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಹಳೆ ಮನೆಯ ಬಾಗಿಲಿಗೆ ಹೋದ ವಾರ ಬಣ್ಣ ಬಳಿದರು ಎಂಬುದು ಬಡಾವಣೆಯಲ್ಲಿ ಇವನಿಗಷ್ಟೇ ಗೊತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಪ್ರಕಟಣೆಗೆ ಮೊದಲು ಶೀರ್ಷಿಕೆ. ಖಾಲಿ ಬೆಂಚಿಗೆ ‘ನಿರೀಕ್ಷೆ’, ಒಂಟಿ ಚಪ್ಪಲಿಗೆ ‘ಪಯಣ’, ಕುಂಕುಮಕ್ಕೆ ‘ಬದುಕಿನ ಬಣ್ಣಗಳು’. ಬಡವರ ಚಿತ್ರವಾದರೆ ಕಪ್ಪುಬಿಳುಪು ಮಾಡುತ್ತಾನೆ, ಅವರು ಉಟ್ಟ ಸೀರೆ ಎಷ್ಟೇ ಕೆಂಪಾಗಿದ್ದರೂ ಸರಿ. ನೆಂಟರ ಗುಂಪಿಗೆ ‘ಅಂಚು’ ಎಂಬ ಹೆಸರಿನಲ್ಲಿ ತುಕ್ಕುಗೇಟಿನ ಚಿತ್ರ ಹೋಗುತ್ತದೆ. ಸೋದರಮಾವ ಯಾವ ಊರಪ್ಪ ಇದು ಎಂದು ಕೇಳುತ್ತಾರೆ. ಅದು ಅವರದೇ ಮನೆಯ ಗೇಟು. ಎರಡು ದಿನದ ನಂತರ ಮೈಸೂರಿನ ಅತ್ತೆ ಟಬೂಬಿಯಾದ ಚಿತ್ರವೊಂದನ್ನು ಕಳಿಸುತ್ತಾರೆ. ಮೇಲೆ ಶುಭ ಶುಕ್ರವಾರ, ಮೂಲೆಯಲ್ಲಿ ಮಹಾಲಕ್ಷ್ಮಿ. ಈತನದೇ ಚಿತ್ರ ನಾಲ್ಕು ಗುಂಪು ಸುತ್ತಿ ಮನೆಗೆ ಬಂದಿರುತ್ತದೆ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರದರ್ಶನವೂ ಆಗುವುದುಂಟು. ಫೋನಿನ ಪರದೆಯ ಬೆಳಕಿನಲ್ಲಿ ಹೊಳೆಯುತ್ತಿದ್ದದ್ದು ಕಾಗದಕ್ಕೆ ಬಂದಾಗ ಮಂಕಾಗುತ್ತದೆ. ಸ್ಟುಡಿಯೋದವನ ಮೇಲೆ ರೇಗಾಟ ನಡೆಯುತ್ತದೆ.

ಸಂಗ್ರಹದ ಸಮಸ್ಯೆ 2021ರ ಜೂನ್ 1ರಿಂದ ಬಿಗಡಾಯಿಸಿತು. ಅಂದು ಗೂಗಲ್ ಫೋಟೋಸ್ ಮಿತಿಯಿಲ್ಲದ ಪುಕ್ಕಟೆ ಜಾಗ ನಿಲ್ಲಿಸಿ, 15 ಜಿಬಿಯೊಳಗೇ ಸಂಸಾರ ಮಾಡಿ ಎಂದಿತು. ಮಹಾಶಯ ಭಾನುವಾರ ಮಧ್ಯಾಹ್ನ ಅಳಿಸಲು ಕೂರುತ್ತಾನೆ. ಒಂದೇ ಕಾಫಿ ಲೋಟದ ಒಂದೇ ಹಬೆಯ ಇಪ್ಪತ್ತು ಚಿತ್ರಗಳಲ್ಲಿ ಯಾವುದೂ ಅಳಿಸುವಂಥದ್ದಲ್ಲ, ಪ್ರತಿಯೊಂದರಲ್ಲೂ ಹಬೆ ಬೇರೆ. ಕೊನೆಗೆ ಮಗಳ ಶಾಲಾ ವಾರ್ಷಿಕೋತ್ಸವದ ವಿಡಿಯೋ ಹೋಗುತ್ತದೆ.

ಇನ್ನು ಈತನ ಸಾಲದ ಬಾಬತ್ತು. ಹಬ್ಬದ ಬೆಳಿಗ್ಗೆ ಎರಡನೇ ಕ್ರಾಸಿನಲ್ಲಿ ಹದಿನೈದರಿಂದ ಎಂಟರ ಸಂದುಚುಕ್ಕಿಯ ರಂಗೋಲಿ ಕಂಡು ನಿಲ್ಲುತ್ತಾನೆ. ಬಿಡಿಸಿದಾಕೆ ಪೊರಕೆಯನ್ನೂ ಬಕೆಟ್ಟನ್ನೂ ತೆಗೆದಿಟ್ಟು, ಮಗನನ್ನು ಪಕ್ಕದಲ್ಲಿ ನಿಲ್ಲಿಸಿ, ಸೆರಗು ಸರಿಮಾಡಿಕೊಳ್ಳುತ್ತಾಳೆ. ಈತನಿಗೆ ಬೇಕಾದದ್ದು ಪೊರಕೆ. ಪೊರಕೆ ವಾಪಸು ಇಡಿ, ಮಗು ಸ್ವಲ್ಪ ಆಚೆ ಹೋಗಲಿ ಎಂದು ಕೇಳಿ, ಸ್ಟೂಲು ಇಸಿದುಕೊಂಡು ಹತ್ತಿ, ತನ್ನದೇ ನೆರಳು ರಂಗೋಲಿಯ ಮೇಲೆ ಬೀಳುತ್ತಿದೆಯೆಂದು ಇಳಿದು, ಇಳಿಯುವಾಗ ಒಂದು ಎಳೆಯ ಮೇಲೆ ಕಾಲಿಟ್ಟು, ಅಂತೂ ತೆಗೆಯುತ್ತಾನೆ. “ನಮಗೂ ಕಳ್ಸಿ ಸಾರ್” ಎಂದು ಆಕೆ ನಂಬರು ಕೊಡುತ್ತಾಳೆ. ಈಗಲೇ ಕಳಿಸ್ತೀನಮ್ಮ ಎನ್ನುತ್ತಾನೆ. ಮೊದಲು ಬಣ್ಣ ತಿದ್ದಬೇಕು, ಅಂಚು ಕತ್ತರಿಸಬೇಕು, ಹೆಸರಿಡಬೇಕು. ಅಷ್ಟರಲ್ಲಿ ದೀಪಾವಳಿ ಹೋಗಿ ಸಂಕ್ರಾಂತಿ ಬರುತ್ತದೆ. ಆಮೇಲೆ ಮಹಾಶಯ ಆ ರಸ್ತೆಯಲ್ಲಿ ಬೆಳಕು ಸರಿಯಿಲ್ಲವೆಂದು ಮೂರನೇ ಕ್ರಾಸಿನಲ್ಲೇ ಓಡಾಡತೊಡಗುತ್ತಾನೆ.