ಖಾಲಿ ಜಾಗದ ಭಾವ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನೆಂಟರ ಬಳಗದಲ್ಲಿ ಈಗೀಗ ಒಬ್ಬ ಡಿಸೈನರ್ ಸಿಕ್ಕೇ ಸಿಗುತ್ತಾನೆ. ಕೆಲಸ ಬೆಂಗಳೂರಿನ ಆರ್ಟ್ ಗ್ಯಾಲರಿಗಳಿಗೆ. ಬೀರೂರು ಜಂಕ್ಷನ್ನಿನಲ್ಲಿ ರೈಲಿಳಿದವನು ಮನೆ ಮುಟ್ಟುವುದರೊಳಗೆ ದಾರಿಯ ಫ್ಲೆಕ್ಸುಗಳನ್ನೆಲ್ಲ ನೋಡಿ ಮುಖ ಕಿವಿಚಿರುತ್ತಾನೆ.

ಈ ಲೇಖಕನ ಪಾಲಿಗೆ ಬಂದವನು ಹೆಂಡತಿಯ ಅಣ್ಣ. ತರೀಕೆರೆ ಮನೆಯ ಗೃಹಪ್ರವೇಶದ ಕಾರ್ಡನ್ನು, ದುಡ್ಡುಳಿಯುತ್ತದೆಂಬ ಆಸೆಗೆ, ಅವನಿಗೇ ಒಪ್ಪಿಸಲಾಯಿತು. ಬಂತು ಕಾರ್ಡು. ದಪ್ಪನೆಯ ಬಿಳಿ ಕಾಗದ. ಗಣಪತಿಯಿಲ್ಲ, ಅರಿಶಿನದ ಅಂಚಿಲ್ಲ, ಬಂಧುಗಳ ಹೆಸರಿನ ಪಟ್ಟಿಯಂತೂ ಇಲ್ಲವೇ ಇಲ್ಲ. ಕೆಳಗೆ ಎಡಮೂಲೆಯಲ್ಲಿ ಇರುವೆ ಹರಿದಂತೆ ನಾಲ್ಕು ಸಾಲು.

ಅಜ್ಜಂಪುರದ ದೊಡ್ಡಪ್ಪ ಕನ್ನಡಕ ಹಾಕಿದರು, ತೆಗೆದರು, ಕಾರ್ಡು ತಿರುಗಿಸಿದರು. ‘ಮುಹೂರ್ತ ಎಲ್ಲೈತಪ್ಪಾ?’

‘ದೊಡ್ಡಪ್ಪಾ, ಕಣ್ಣು ಮೊದಲು ಖಾಲಿ ಜಾಗದಲ್ಲಿ ಓಡಾಡಬೇಕು. ಅಕ್ಷರ ಆಮೇಲೆ.’

‘ಅದು ಓಡಾಡಿ ಬರೋಷ್ಟ್ರಲ್ಲಿ ರಾಹುಕಾಲ ಬಂದಿರ್ತದೆ ಕಣೋ!’

ಕೊನೆಗೆ ಕಡೂರಿನ ಪ್ರೆಸ್ಸಿನಲ್ಲಿ ಹಳದಿ ಕಾರ್ಡು ಹೊಡೆಸಿದ್ದಾಯಿತು. ಉಳಿಸಹೊರಟ ದುಡ್ಡು ಎರಡು ಪಟ್ಟು ಹೋಯಿತು.

ಆದರೆ ಕೆಲಸಕ್ಕೆ ಕೂತ ಭಾವನೇ ಬೇರೆ. ಚಿತ್ರಕಲಾ ಪರಿಷತ್ತಿನಲ್ಲೋ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಯಲ್ಲೋ ಪ್ರದರ್ಶನ ಇಡುವ ಕಲಾವಿದರು ಕೊನೇ ಗಳಿಗೆಯಲ್ಲಿ ಮೊಬೈಲ್ ಫೋಟೊ ಕಳಿಸಿ ‘ಕ್ಯಾಟಲಾಗ್ ಮಾಡ್ಕೊಡಿ’ ಅನ್ನುತ್ತಾರೆ. ಪರದೆಯ ಕೆಂಪು ಬೆಳಕಿನದು, ಪ್ರೆಸ್ಸಿನ ಕೆಂಪು ಶಾಯಿಯದು, ಎರಡೂ ಒಂದಾಗುವುದಿಲ್ಲ. ಪ್ರೂಫನ್ನು ಕ್ಯಾನ್ವಾಸಿನ ಪಕ್ಕ ಹಿಡಿದು ಅವನು ಊಟ ಮರೆಯುತ್ತಾನೆ. ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು ಯೂನಿಕೋಡಿಗೆ ಬರುವಾಗ ಕೆಟ್ಟ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಕೂರಿಸುತ್ತಾನೆ. ಅವನ ಹೆಸರು ಮಾತ್ರ ಕೊನೆಯ ಪುಟದಲ್ಲಿ, ಅದೂ ಜಾಗ ಉಳಿದರೆ. ಖಾಲಿ ಜಾಗದ ಇಷ್ಟು ದೊಡ್ಡ ವಕೀಲನಿಗೆ ಇದು ಅನ್ಯಾಯವೇ ಸರಿ.

ತರೀಕೆರೆಗೆ ಬಂದಾಗಲೆಲ್ಲ ಅವನು ಅಮೃತಾಪುರಕ್ಕೆ ಹೋಗುತ್ತಾನೆ. ಜೊತೆಗೆ ಸಿಕ್ಕವರನ್ನೂ ಎಳೆದೊಯ್ಯುತ್ತಾನೆ. 1196ರ ಅಮೃತೇಶ್ವರ ದೇವಸ್ಥಾನದ ದಕ್ಷಿಣ ಗೋಡೆಯ 70 ಫಲಕಗಳಲ್ಲಿ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ‘ಇದಪ್ಪ ಲೇಔಟ್!’ ಎಂದು ಬಿಸಿಲಲ್ಲೇ ಪಾಠ. ಇಲ್ಲಿ ಕೈ ಪಳಗಿಸಿದ ರೂವಾರಿ ಮಲ್ಲಿತಮ್ಮ ಮುಂದೆ ಸೋಮನಾಥಪುರದ ವಿಗ್ರಹಗಳ ಬುಡದಲ್ಲಿ ಹೆಸರು ಕೆತ್ತಿದ್ದಾನೆ, ಕೆಲವೆಡೆ ಬರೀ ‘ಮ’ ಎಂದು. ಅದನ್ನು ಹೇಳುವಾಗ ಭಾವನ ದನಿ ತುಸು ಇಳಿಯುತ್ತದೆ. ಕೇಳುವವನಿಗೂ ಆಗ ಕಾರ್ಡಿನ ಸಿಟ್ಟು ನೆನಪಿರುವುದಿಲ್ಲ.

ಈ ಸಲ ದೊಡ್ಡಪ್ಪನ ಬಲವಂತಕ್ಕೆ ಅಜ್ಜಂಪುರದ ಜಾತ್ರೆಯ ಫ್ಲೆಕ್ಸನ್ನೂ ಅವನೇ ಮಾಡಿದ. ಸಮಿತಿಯವರ ಮುಖಗಳೆಲ್ಲ ಸಾಲಾಗಿ, ಒಂದೇ ಅಳತೆಯಲ್ಲಿ ಕೂತಿದ್ದವು. ಊರವರು ಮೆಚ್ಚಿದರು. ಕೆಳಮೂಲೆಯಲ್ಲಿ ತನ್ನ ಹೆಸರಿಗೆಂದು ಅವನು ಚೂರು ಜಾಗ ಬಿಟ್ಟಿದ್ದ. ಪ್ರಿಂಟ್ ಹಾಕಿದ ಅಂಗಡಿಯವನು ಅಲ್ಲಿ ತನ್ನ ಫೋನ್ ನಂಬರ್ ಕೂರಿಸಿದ, ದಪ್ಪ ಅಕ್ಷರದಲ್ಲಿ.