ಬಿರುದಿನ ಖಾತೆ ಯಾರ ಹೆಸರಿಗೆ?

“ಅಲ್ಲಾ ಸ್ವಾಮಿ, ದಸರಾ ಬ್ಯಾನರ್‌ನಾಗೆ ‘ಮಹಾರಾಜ’ ಅನ್ನೋದೇ ಬಿಟ್ಟೋಗದಲ್ಲಾ!” ಎಂದು ಶ್ರೀರಂಗಪಟ್ಟಣದ ಗೌಡರೊಬ್ಬರು ಕೆಂಡವಾದರು ಎನ್ನಿ. ಅದು ಬಿಟ್ಟುಹೋದದ್ದು ಬ್ಯಾನರ್ ಬರೆದವನ ಕೈಯಲ್ಲಲ್ಲ ಗೌಡ್ರೇ, 1971ರ ಸಂವಿಧಾನದ 26ನೇ ತಿದ್ದುಪಡಿಯಲ್ಲಿ. ಮೈಸೂರಿಗೆ ನಿಗದಿಯಾಗಿದ್ದ ವರ್ಷದ 26 ಲಕ್ಷ ರೂಪಾಯಿ ರಾಜಧನವೂ ಅದರಲ್ಲೇ ರದ್ದಾಯಿತು. ರದ್ದಾಗದೆ ಉಳಿದದ್ದು ನಮ್ಮ ಸೊಂಟದ ಬಾಗು. 2024ರಲ್ಲಿ ಆ ರಾಜವಂಶದ ಯದುವೀರ ಒಡೆಯರ್ ಮೈಸೂರು-ಕೊಡಗಿನಲ್ಲಿ ಓಟು ಕೇಳಿಯೇ ಸಂಸದರಾದರು. ಕೇಳಿದವರು ದೊರೆಯೋ, ಹಾಕಿದವರು ದೊರೆಯೋ? ನೀವಂತೂ ಮಂಡ್ಯ ಕ್ಷೇತ್ರದವರು, ಆ ಜಗಳವೂ ನಿಮಗಿಲ್ಲ.

“ಕನ್ನಂಬಾಡಿ ಕಟ್ಟೆ ಕಟ್ಸಿದ್ಯಾರು? ಪಾಂಡವಪುರದ ಕಬ್ಬು ಯಾರ ನೀರು ಕುಡೀತದೆ?” ಈ ಮಾತಿಗೆ ತೂಕವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಋಣ ದೊಡ್ಡದು. ಒಡೆಯರ ಹೆಸರು ಹೊರಲು ಅತ್ತಿಕುಪ್ಪೆ ಕೃಷ್ಣರಾಜಪೇಟೆಯೇ ಆಯಿತು. (ಮಳೆ ನಂಬಿದ ನಾಗಮಂಗಲದವರು ಎಷ್ಟು ಬಾಗಬೇಕೆಂಬ ಲೆಕ್ಕ ಬೇರೆ.) ಆದರೆ ಋಣ ಪಹಣಿಯಂತೆ ವಂಶದ ಹೆಸರಿಗೆ ಖಾತೆಯಾಗುವುದಿಲ್ಲ. ಆಗುವುದಾದರೆ ಕಲ್ಲು ಹೊತ್ತವರ, ಊರು ಮುಳುಗಿಸಿಕೊಂಡವರ ಮೊಮ್ಮಕ್ಕಳಿಗೂ ಒಂದೊಂದು ಬಿರುದು ಸಲ್ಲಬೇಕು.

“ಹಂಗಾದ್ರೆ ಸಂಪ್ರದಾಯ?” ಮೇಲುಕೋಟೆ ನೋಡಿ. ರಾಜ ಒಡೆಯರು ಚೆಲುವನಾರಾಯಣನಿಗೆ ಅರ್ಪಿಸಿದ ರಾಜಮುಡಿ ಕಿರೀಟ ಇರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ; ಪೊಲೀಸ್ ಬಂದೋಬಸ್ತಿನಲ್ಲಿ ಉತ್ಸವಕ್ಕೆ ಹೋಗಿ ಮತ್ತೆ ಖಜಾನೆಗೇ ವಾಪಸ್ಸು. ದೇವರೇ ಹಬ್ಬಕ್ಕಷ್ಟೇ ತೊಟ್ಟು ಒಪ್ಪಿಸುವಾಗ, ‘ಮಹಾರಾಜ’ ಪದವೂ ಅರಮನೆಯ ಖಾಸಗಿ ದರ್ಬಾರಿನಲ್ಲಿ ಇರಲಿ, ಸರ್ಕಾರದ ಆಮಂತ್ರಣ ಪತ್ರಿಕೆಗೆ ‘ಸಂಸದರು’ ಸಾಕು.

“‘ಮಾನ್ಯ’ ಅಂತಾದ್ರೂ ಹಾಕ್ಬೋದಾ?” ಹಾಕಿ ಗೌಡ್ರೇ, ಅದು ಗೆದ್ದವರಿಗೆಲ್ಲ ಪುಕ್ಕಟೆ.