ಬೆನ್ನ ಹಿಂದಿನ ಗಾಳಿ

ನನ್ನ ಕಾರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂಬ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಚಾವಣಿಯಿಂದ ಡಿಕ್ಕಿಯವರೆಗೆ ಸಾಲಾಗಿ ಅಂಟಿಸಿದ್ದ ಕೆಂಪು ಉಣ್ಣೆದಾರದ ತುಂಡುಗಳೇ ಅದಕ್ಕೆ ಸಾಕ್ಷಿ. ವಿಂಡ್ ಟನಲ್ ಕಟ್ಟಿಸುವ ಯೋಗ್ಯತೆಯಿಲ್ಲದವರ ವಿಂಡ್ ಟನಲ್ ಇದು. ಗಾಳಿ ಮೈಗಂಟಿ ಹರಿಯುವ ಕಡೆ ದಾರ ತೆಪ್ಪಗೆ ಮಲಗುತ್ತದೆ. ಮೈಬಿಟ್ಟು ಸುಳಿಯಾದ ಕಡೆ ಮೈಮೇಲೆ ದೇವರು ಬಂದಂತೆ ಕುಣಿಯುತ್ತದೆ.

ತುಮಕೂರು ರಸ್ತೆಯಲ್ಲಿ ಭಾವಮೈದುನ ಹಿಂದಿನ ಕಾರಿನಿಂದ ವಿಡಿಯೊ ಮಾಡಿದ. ಚಾವಣಿಯ ದಾರಗಳದು ಭಾರೀ ಶಿಸ್ತು. ಡಿಕ್ಕಿಯ ಹತ್ತಿರದವು ಮಾತ್ರ ದಿಕ್ಕೆಟ್ಟು, ಕೆಲವು ಮುಂದಕ್ಕೇ ಮುಖ ಮಾಡಿದ್ದವು!

ಕಾರು ಕೊಳ್ಳುವವರೆಲ್ಲ ಮೂತಿ ಎಷ್ಟು ಚೂಪು ಅಂತ ನೋಡುತ್ತಾರೆ. ಆದರೆ ಗಾಳಿ ಕಿತ್ತುಹೋದ ಜಾಗದಲ್ಲಿ ಒತ್ತಡ ಕುಸಿದು, ಕಾರಿನ ಕಾಲೆಳೆಯುವುದು ಬೆನ್ನ ಹಿಂದೆ. ಕಚೇರಿಯಲ್ಲಿ ನೌಕರಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1934ರಲ್ಲೇ ಚೆಕೊಸ್ಲೊವಾಕಿಯಾದ ಟಾಟ್ರಾ 77 ಹಿಂಭಾಗವನ್ನು ಉದ್ದಕ್ಕೆ ಇಳಿಬಿಟ್ಟು, ಬೆನ್ನಿಗೊಂದು ಈಜುರೆಕ್ಕೆಯನ್ನೂ ಸಿಕ್ಕಿಸಿಕೊಂಡಿತ್ತು. ಅಷ್ಟುದ್ದದ ಬಾಲ ಬೇಡ, ಕೊಂಚ ಇಳಿಜಾರು ಮಾಡಿ ಕಚಕ್ಕನೆ ಕತ್ತರಿಸಿದರೂ ಲಾಭ ಬಹುಪಾಲು ಉಳಿಯುತ್ತದೆ ಎಂದು ಜರ್ಮನಿಯ ವೂನಿಬಾಲ್ಡ್ ಕಾಮ್ ತೋರಿಸಿಕೊಟ್ಟ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೋಡಿದಾಗಲೆಲ್ಲ ಆ ಪುಣ್ಯಾತ್ಮನಿಗೆ ಕೈಮುಗಿಯುತ್ತೇನೆ.

ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಹೀಗಾಗಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರಗಳಿಗೆ ತಲುಪುವ ಶಕ್ತಿ ಹೆಚ್ಚಾಗಿ ಗಾಳಿಯನ್ನು ತಳ್ಳುವುದಕ್ಕೇ ಖರ್ಚು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಾಳಿಗೆ ಈ ಶ್ರಮವಿಲ್ಲ, ತಡೆಯುವ ಹೊಣೆಯನ್ನು ಮುಂದಿನ ಬಸ್ಸು ವಹಿಸಿಕೊಂಡಿರುತ್ತದೆ. ನನ್ನ ಪಾಂಡಿತ್ಯಕ್ಕೆ ಬೆಲೆ ಬರುವುದೇನಿದ್ದರೂ ನೆಲಮಂಗಲ ದಾಟಿದ ಮೇಲೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೂತಿಯ ಎರಡೂ ಬದಿಗೆ ಬಾಳೆಕಂದು, ನಡುವೆ ಚೆಂಡುಹೂವಿನ ಹಾರ, ಅದಕ್ಕೊಂದು ನಿಂಬೆಹಣ್ಣು. ನನ್ನ ಹೊಟ್ಟೆ ಉರಿಯಿತು. ಒಳ್ಳೆಯ ಕಾರಿನ ತಡೆ ಗುಣಾಂಕ 0.25ರ ಆಸುಪಾಸು, ಗೋಳದ್ದು ಸುಮಾರು 0.47, ಅಂದರೆ ನಿಂಬೆಹಣ್ಣು ಎಂಬುದು ಕಾರಿಗಿಂತ ಒರಟು ಆಕಾರ ಎಂದು ಹೆಂಡತಿಗೆ ವಿವರಿಸಿದೆ. ಬಾಳೆಕಂದನ್ನಾದರೂ ಹಿಂದಕ್ಕೆ ಕಟ್ಟಿ, ಕಾಮ್ ಹೇಳಿದ ಹಾಗೆ ತುದಿ ಕತ್ತರಿಸೋಣ ಎಂದೆ.

ಅವಳು ಉತ್ತರ ಕೊಡದೆ ಇನ್ನೂ ನಾಲ್ಕು ನಿಂಬೆಹಣ್ಣು ತಂದು ಚಕ್ರಗಳಡಿ ಇಟ್ಟಳು. “ಹತ್ತಿಸಿ. ಆಮೇಲೆ ಇದರ ಆಕಾರ ಎಷ್ಟು ಅಂತ ಲೆಕ್ಕ ಹಾಕಿ.”